ಮಳೆಗಾಲದಲ್ಲಿ ಕುದುರೆಯ ಕಾಲು ಬಾತರೆ ನಾನು ಮಾಡುವುದು

ಕಾರವಾರ, ಗೋಕರ್ಣ, ಮುರ್ಡೇಶ್ವರದ ಕಡಲತೀರದಲ್ಲಿ ಸವಾರಿಗೆ ಬಿಡುವ ಕುದುರೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಮ್ಮಿ ಕೆಲಸವೇ ಇರುವುದಿಲ್ಲ. ಮಳೆ ಹಿಡಿದುಕೊಂಡರೆ ದಿನಗಟ್ಟಲೆ ಕಟ್ಟಿದಲ್ಲೇ ನಿಂತಿರುತ್ತವೆ. ಕಾಲು ಬಾಯುವುದೂ ಆಗಲೇ ಜಾಸ್ತಿ. ಬಾವು ಕಂಡ ಕೂಡಲೇ ಎಣ್ಣೆ ತಿಕ್ಕುವುದು, ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟುವುದು ಸಾಮಾನ್ಯ. ಯಾವ ಬಗೆಯ ಬಾವು ಎಂದು ಗೊತ್ತಾಗುವ ತನಕ ನಾನು ಏನನ್ನೂ ಹಚ್ಚುವುದಿಲ್ಲ. ಒಂದು ಬಗೆಯ ಬಾವಿಗೆ ಕುದುರೆಯನ್ನು ದಿನಾ ನಡೆಸಬೇಕು, ಇನ್ನೊಂದಕ್ಕೆ ಲಾಯದಿಂದ ಹೊರಗೇ ತರಬಾರದು.

ಮೊದಲು ಜ್ವರ ನೋಡುತ್ತೇನೆ. ಥರ್ಮಾಮೀಟರ್‌ಗೆ ವ್ಯಾಸಲೀನ್ ಸವರಿ, ದಾರ ಕಟ್ಟಿ, ಕುದುರೆಯ ಪಕ್ಕಕ್ಕೆ ನಿಂತು ಗುದದಲ್ಲಿ ಇಡಬೇಕು. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿಯಾದ ಉಷ್ಣತೆ. ಆಮೇಲೆ ಅಂಗೈಯ ಹಿಂಬದಿಯಿಂದ ಎರಡೂ ಕಾಲನ್ನು ಮೇಲಿಂದ ಕೆಳಗೆ ಸವರಿ ಬಿಸಿ ಎಲ್ಲಿ ಹೆಚ್ಚಿದೆ ಎಂದು ಹೋಲಿಸುತ್ತೇನೆ. ಬಾತ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಗುಳಿ ಉಳಿಯುತ್ತದೆಯೇ ನೋಡುತ್ತೇನೆ. ಗೊರಸಿನ ಮೇಲಿನ ಗಿಣ್ಣಿನ ಹಿಂದೆ, ಎರಡೂ ಬದಿಗೆ ನಾಡಿ ಸಿಗುತ್ತದೆ. ಆರೋಗ್ಯವಂತ ಕುದುರೆಯಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಅದು ಬೆರಳಿಗೆ ಜೋರಾಗಿ ಬಡಿಯುತ್ತಿದ್ದರೆ ತೊಂದರೆ ಹೆಚ್ಚಾಗಿ ಗೊರಸಿನೊಳಗಿದೆ. ಕೊನೆಗೆ ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ನೋಡುವುದು.

ಹಿಂಗಾಲು ಎರಡೂ ಬಾತಿವೆ, ಬಿಸಿಯಿಲ್ಲ, ನೋವಿಲ್ಲ, ಒತ್ತಿದರೆ ಗುಳಿ ಬೀಳುತ್ತದೆ ಎಂದರೆ ಅದು ನಿಂತು ನಿಂತು ಇಳಿದ ನೀರು. ಕುದುರೆಯ ಕೆಳಗಾಲಿನಲ್ಲಿ ಮಾಂಸಖಂಡ ಇಲ್ಲ. ಓಡಾಡಿದರೆ ಮಾತ್ರ ಅಲ್ಲಿನ ದ್ರವ ಮೇಲೆ ಏರುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಬೆಳಿಗ್ಗೆ, ಸಂಜೆ 20 ನಿಮಿಷ ಕೈಯಲ್ಲಿ ಹಿಡಿದು ನಡೆಸಿದರೆ ಬಾವು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಜೊತೆಗೆ ಹುರುಳಿ, ತವಡು ಅರ್ಧಕ್ಕಿಂತ ಕಡಿಮೆ ಮಾಡಬೇಕು. ಕೆಲಸವಿಲ್ಲದ ಕುದುರೆಗೆ ಕೆಲಸದ ದಿನದಷ್ಟೇ ಕಾಳು ಹಾಕಿದರೆ, ಮತ್ತೆ ದುಡಿಸುವ ಮೊದಲ ದಿನವೇ ಸೊಂಟದ ಮಾಂಸ ಸೆಟೆದು ನಿಂತುಬಿಡುವ ಅಪಾಯವೂ ಇದೆ. ಹುಲ್ಲು ಮಾತ್ರ ಕಡಿಮೆ ಮಾಡಬಾರದು.

ನಾಲ್ಕೂ ಕಾಲು ಬಾತು, ಹೊಟ್ಟೆಯಡಿಯೂ ಊದಿ, ಒಸಡು ಬಿಳಿಚಿಕೊಂಡಿದ್ದರೆ ನಡೆಸಿ ಪ್ರಯೋಜನವಿಲ್ಲ. ಬರೀ ಭತ್ತದ ಹುಲ್ಲಿನ ಮೇಲಿಟ್ಟ ಕುದುರೆಗೆ ಪ್ರೋಟೀನ್ ಸಾಲದೆ ಹೀಗಾಗಬಹುದು, ಜಂತುಹುಳ ಇರಬಹುದು. ಜ್ವರ ಬಂದು ಬಿಟ್ಟು ಆಗುತ್ತಿದ್ದರೆ ನನ್ನ ಮೊದಲ ಅನುಮಾನ ಸರ್ರಾ ರೋಗದ ಮೇಲೆ. ರಕ್ತ ಹೀರುವ ದೊಡ್ಡ ನೊಣಗಳಿಂದ ಹರಡುವ, ರಕ್ತದಲ್ಲಿ ಸೂಕ್ಷ್ಮ ಪರಾವಲಂಬಿ ಜೀವಿ ಬೆಳೆಯುವ ಈ ರೋಗ ಮಳೆಗಾಲದಲ್ಲೂ ಅದರ ನಂತರವೂ ಹೆಚ್ಚು. ಜ್ವರ ಇರುವಾಗಲೇ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಬೇಕು.

ಮುಂಗಾಲಿನ ಹಿಂಬದಿಯಲ್ಲಿ, ಮೊಣಕಾಲಿಗೂ ಗಿಣ್ಣಿಗೂ ನಡುವೆ ಬಿಸಿಯಾದ ಉಬ್ಬು ಕಂಡರೆ ಅದು ಸ್ನಾಯುರಜ್ಜುವಿನ (ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿಯ) ಪೆಟ್ಟು. ಒಣ ಮರಳಿನಲ್ಲಿ ಗೊರಸು ಹೂತು ಹೂತು ಓಡಿದ ಕುದುರೆಗೆ ಇದು ಬರುತ್ತದೆ; ಅದಕ್ಕೇ ಸವಾರಿಯನ್ನು ನೀರಿಳಿದ ಗಟ್ಟಿ ಮರಳಿನ ಮೇಲೆ ಮಾತ್ರ ಬಿಡಬೇಕು. ಕಾಲೆತ್ತಿ ಹಿಡಿದು ರಜ್ಜುವನ್ನು ಎರಡು ಬೆರಳಲ್ಲಿ ಮೆಲ್ಲಗೆ ಅದುಮಿದರೆ ನೊಂದ ಜಾಗದಲ್ಲಿ ಕುದುರೆ ಕಾಲು ಎಳೆದುಕೊಳ್ಳುತ್ತದೆ. ಮೊದಲ ಎರಡು ಮೂರು ದಿನ ತಂಪು, ಬರೀ ತಂಪು. ಲಕ್ಕಿ ಸೊಪ್ಪಿನ ಬಿಸಿ ಶಾಖ ಈ ಹಂತದಲ್ಲಿ ಕೊಟ್ಟರೆ ಒಳಗಿನ ರಕ್ತಸ್ರಾವ ಹೆಚ್ಚಿ ಬಾವು ಇಮ್ಮಡಿಸುತ್ತದೆ. ಸಮುದ್ರದಲ್ಲಿ ನಿಲ್ಲಿಸಿದರೆ ಸಾಕು ಎನ್ನುವವರಿದ್ದಾರೆ. ನಮ್ಮ ಕಡಲ ನೀರು ಬೆಚ್ಚಗಿರುತ್ತದೆ, ಅದರಿಂದ ಉರಿ ಇಳಿಯುವುದಿಲ್ಲ. ಬಾವಿ ನೀರನ್ನು ಪೈಪಿನಲ್ಲಿ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಬಿಡುತ್ತೇನೆ. ಇನ್ನೂ ಒಳ್ಳೆಯದು ಮೀನಿನ ಬಂದರಿನಲ್ಲಿ ಸಿಗುವ ಪುಡಿ ಐಸು: ಎತ್ತರದ ಟಬ್ಬಿನಲ್ಲಿ ನೀರಿಗೆ ಹಾಕಿ, ಕಾಲು ಮೊಣಕಾಲಿನ ಕೆಳಗಿನವರೆಗೆ ಮುಳುಗುವಂತೆ 20 ನಿಮಿಷ ನಿಲ್ಲಿಸುವುದು. ಆ ಐಸು ಶುದ್ಧವಲ್ಲ, ಗಾಯವಿದ್ದ ಕಾಲಿಗೆ ಬೇಡ.

ಕಾಲು ಒರೆಸಿ ಒಣಗಿಸಿ ಪಟ್ಟಿ ಕಟ್ಟುತ್ತೇನೆ. ಹತ್ತಿಯ ಪದರ ಮೊಣಕಾಲ ಕೆಳಗಿನಿಂದ ಗಿಣ್ಣು ದಾಟುವವರೆಗೆ, ಹೆಬ್ಬೆರಳಿನಷ್ಟು ದಪ್ಪ, ಒಂದೂ ಸುಕ್ಕಿಲ್ಲದೆ ಇರಬೇಕು. ಅದರ ಮೇಲೆ ನಾಲ್ಕು ಇಂಚಿನ ಪಟ್ಟಿ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ. ಮೇಲಿನಿಂದ ನೋಡಿದಾಗ ಎಡಗಾಲಿಗೆ ಗಡಿಯಾರದ ಮುಳ್ಳಿಗೆ ಎದುರಾಗಿ, ಬಲಗಾಲಿಗೆ ಮುಳ್ಳಿನಂತೆ ಸುತ್ತಬೇಕು. ಎಳೆತ ಮುಂದಿನ ಎಲುಬಿನ ಮೇಲೆ ಬೀಳಬೇಕೇ ಹೊರತು ಹಿಂದಿನ ರಜ್ಜುವಿನ ಮೇಲಲ್ಲ. ಮೇಲಂಚಿನಲ್ಲಿ ಒಂದು ಬೆರಳು ತೂರಬೇಕು. ಒಂದು ಸುತ್ತು ಮಾತ್ರ ಬಿಗಿಯಾದರೂ ಆ ಗೆರೆಯಲ್ಲೇ ರಜ್ಜು ಹೊಸದಾಗಿ ಕೆಡುತ್ತದೆ. 12 ಗಂಟೆಗೊಮ್ಮೆ ಬಿಚ್ಚಿ, ನೋಡಿ, ಮತ್ತೆ ಕಟ್ಟಬೇಕು. ಭಾರ ಹೊರುತ್ತಿರುವ ಇನ್ನೊಂದು ಕಾಲಿಗೂ ಕಟ್ಟಬೇಕು. ಎರಡು ವಾರಕ್ಕೆ ಬಾವು ಇಳಿಯಿತೆಂದು ಸವಾರಿಗೆ ಬಿಡುವುದೇ ದೊಡ್ಡ ಅನ್ಯಾಯ: ಹರಿದ ರಜ್ಜು ಗಟ್ಟಿಯಾಗಲು ಎಂಟರಿಂದ ಹನ್ನೆರಡು ತಿಂಗಳು ಬೇಕಾಗಬಹುದು, ಒಳಗಿನ ಸ್ಥಿತಿ ತಿಳಿಯಲು ಅಲ್ಟ್ರಾಸೌಂಡೇ ಬೇಕು.

ಒಂದೇ ಕಾಲು ಕಂಬದಂತೆ ಊದಿ, ಮುಟ್ಟಲು ಬಿಡದೆ, ಜ್ವರವೂ ಇದ್ದರೆ ಚರ್ಮದಡಿ ಸೋಂಕು ಹರಡುತ್ತಿದೆ. ಅದೇ ದಿನ ಪಶುವೈದ್ಯರು ನೋಡಬೇಕು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ (ಸರ್ಕಾರದ ಸಂಚಾರಿ ಪಶು ಚಿಕಿತ್ಸಾ) ವಾಹನ ಕೇಳಬಹುದು. ಅಲ್ಲಿಯವರೆಗೆ ತಣ್ಣೀರು ಬಿಡುತ್ತಾ ಕೂದಲು ಸರಿಸಿ ಗಾಯ ಹುಡುಕುತ್ತೇನೆ. ಚಿಪ್ಪಿನ ಚೂರು, ಮೀನಿನ ಗಾಳ, ಬಾಟಲಿ ಗಾಜು, ಏನೂ ಇರಬಹುದು. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವುದರಿಂದ ಆ ಚುಚ್ಚುಮದ್ದು ಯಾವಾಗ ಆಗಿದೆ ಎಂದು ವೈದ್ಯರಿಗೆ ಹೇಳಲೇಬೇಕು. ಕಾಲಿನುದ್ದಕ್ಕೂ ಸರಪಳಿಯಂತೆ ಗಂಟು ಎದ್ದು ಒಡೆದು ಅಂಟಾದ ಕೀವು ಬರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅದು ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇರಬಹುದು, ಮನುಷ್ಯರಿಗೂ ಹರಡುತ್ತದೆ; ಕುದುರೆಯನ್ನು ಬೇರೆ ಕಟ್ಟಿ ಪಶು ಇಲಾಖೆಗೆ ತಿಳಿಸುವುದು ಕಾನೂನಿನ ಕಡ್ಡಾಯ.

ಗೊರಸಿನೊಳಗೆ ಕೀವು ಕಟ್ಟಿದರೆ ಕುದುರೆ ಕಾಲೂರುವುದೇ ಇಲ್ಲ. ಲಾಳ ತೆಗೆಸಿ, ವೈದ್ಯರೋ ಅನುಭವಿ ಲಾಳಗಾರರೋ ಕೀವಿಗೆ ದಾರಿ ಮಾಡಿದ ಮೇಲೆ, ಕೈ ತಾಳುವಷ್ಟು ಬಿಸಿಯಾದ ಒಂದು ಬಕೆಟ್ ನೀರಿಗೆ ಎರಡು ಲೋಟ ಎಪ್ಸಮ್ ಉಪ್ಪು ಕರಗಿಸಿ ದಿನಕ್ಕೆರಡು ಸಲ 20 ನಿಮಿಷ ಅದ್ದಿಸಬೇಕು. ಬಿಸಿ ಉಪಯೋಗಕ್ಕೆ ಬರುವುದು ಇಲ್ಲಿ.

ನೋವಿನ ಮದ್ದು ವೈದ್ಯರು ಬರೆದದ್ದೇ ಆಗಬೇಕು. ಫಿನೈಲ್‌ಬ್ಯುಟಜೋನ್ ಚುಚ್ಚುಮದ್ದು ರಕ್ತನಾಳಕ್ಕೇ ಹೋಗಬೇಕು; ಹೊರಗೆ ಸೋರಿದರೆ ಅಲ್ಲಿನ ಮಾಂಸ ಕೊಳೆಯುತ್ತದೆ. ಅದರ ಜೊತೆ ಫ್ಲುನಿಕ್ಸಿನ್ ಎಂಬ ಇನ್ನೊಂದು ನೋವಿನ ಮದ್ದು ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ಪ್ರಾಣಿಗಳಿಗೆ ಕೊಡುವುದನ್ನು, ಅದು ಉಳಿದ ಹೆಣ ತಿಂದ ರಣಹದ್ದುಗಳು ಸತ್ತದ್ದರಿಂದ, 2006ರಲ್ಲೇ ನಿಷೇಧಿಸಲಾಗಿದೆ. ಮನುಷ್ಯರ ಇಂಜೆಕ್ಷನ್ ತಂದು ಚುಚ್ಚುವುದೂ ತಪ್ಪೇ. ಮದ್ದಿನಿಂದ ಕುಂಟು ನಿಂತ ದಿನ ಕುದುರೆಯನ್ನು ಕೆಲಸಕ್ಕೆ ಕಟ್ಟಬಾರದು, ನೋವು ಗೊತ್ತಾಗದೆ ಅದು ಪೆಟ್ಟಾದ ಕಾಲಿನ ಮೇಲೇ ಪೂರ್ತಿ ಭಾರ ಹಾಕುತ್ತದೆ.