ನಿದ್ದೆ ಬರುತ್ತಿಲ್ಲವಾ? ಮೊದಲು ಸಂಜೆಯ ಕಾಫಿ ನೋಡಿ

ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರುವಾಗ ರಾತ್ರಿ ಎಂಟೂವರೆ. ಬಂದ ತಕ್ಷಣ ಸ್ಟ್ರಾಂಗ್ ಫಿಲ್ಟರ್ ಕಾಫಿ, ಹತ್ತಕ್ಕೆ ಊಟ, ಹಾಸಿಗೆಯಲ್ಲಿ ಮೊಬೈಲು. ನಿದ್ದೆ ಎಲ್ಲಿಂದ ಬರಬೇಕು ಹೇಳಿ?

ಮೈಯೊಳಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಕೊನೆಯ ಲೋಟ ಮಧ್ಯಾಹ್ನ 3ರೊಳಗೆ ಮುಗಿಸಿ. ಸಂಜೆಗೆ ಕಷಾಯ ಇದೆಯಲ್ವಾ! ಜೀರಿಗೆ, ಕೊತ್ತಂಬರಿ ಬೀಜ, ನಾಲ್ಕು ಕಾಳು ಮೆಣಸು ಹುರಿದು ಪುಡಿ ಮಾಡಿಟ್ಟುಕೊಳ್ಳಿ. ನೀರಲ್ಲಿ ಬೆಲ್ಲದ ಜೊತೆ ಕುದಿಸಿ, ಒಲೆ ಆರಿಸಿದ ಮೇಲೆ ಹಾಲು ಹಾಕಿ, ಇಲ್ಲದಿದ್ದರೆ ಒಡೆಯಬಹುದು.

ಆಫೀಸಿಂದ ಹೊರಡುವ ಮುಂಚೆ ಒಂದು ಹಿಡಿ ಕಡಲೆಬೀಜ ತಿಂದರೆ ರಾತ್ರಿ ಜಾಸ್ತಿ ತಿನ್ನುವುದು ತಪ್ಪುತ್ತದೆ.

ಚಾರ್ಜರ್ ಹಾಲ್‌ನಲ್ಲೇ ಇರಲಿ. ಅಲಾರಂ ನೆಪ ಬೇಡ, ಟೈಮ್‌ಪೀಸ್ ಈಗಲೂ ಸಿಗುತ್ತದೆ. ರಾತ್ರಿ ಆಫೀಸ್ ಕಾಲ್ ಬರುವವರು ರಿಂಗ್ ಜೋರಾಗಿಡಿ, ಸಾಕು.