ಹ್ಯಾವ್‌ಲಾಕ್‌ನ ಐದನೇ ನಂಬರ್ ಕಡಲತೀರದಲ್ಲಿ ಎಂಟು ರಾತ್ರಿ: ನನ್ನ ಅನುಭವ

ಜೆಟ್ಟಿಯಲ್ಲಿ ಇಳಿದು, ಆಟೋ ಹಿಡಿದು, ಗುಡಿಸಲು ತಲುಪುವಾಗ ಮಧ್ಯಾಹ್ನ ಮೂರು ದಾಟಿತ್ತು. ಬ್ಯಾಗ್‌ಗಳನ್ನು ಜಗಲಿಯ ಮೇಲೆ ಹಾಕಿ ನಾನೂ ನನ್ನ ಯಜಮಾನರೂ ತೆಂಗಿನ ಮರಗಳ ನಡುವೆ ಓಡಿದೆವು. ನೋಡಿದರೆ ಸಮುದ್ರವೇ ಇಲ್ಲ! ಕಲ್ಲು, ಒದ್ದೆ ಮರಳು, ಅಲ್ಲಲ್ಲಿ ನಿಂತ ನೀರು, ಒಂದು ಪಕ್ಕಕ್ಕೆ ವಾಲಿಕೊಂಡ ದೋಣಿ. ನೀರು ಎಲ್ಲೋ ದೂರದಲ್ಲಿ ನೀಲಿ ಗೆರೆಯಂತೆ ಕಾಣುತ್ತಿತ್ತು. ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು. ಗುಡಿಸಲು ನಡೆಸುವ ದೀದಿ ಒಗೆದ ಬಟ್ಟೆ ಹಿಂಡುತ್ತಾ, "ಎಲ್ಲೂ ಹೋಗಿಲ್ಲ, ನಾಳೆ ಹನ್ನೊಂದಕ್ಕೆ ಬರುತ್ತೆ" ಎಂದರು. ಬಸ್ಸಿನ ಟೈಮ್ ಹೇಳಿದ ಹಾಗೆ.

ಆ ಒಂದು ಮಾತಿನ ಮೇಲೆ ನಮ್ಮ ಮುಂದಿನ ಎಂಟು ದಿನ ನಿಂತಿತು.

ಅಂಡಮಾನಿನ ಈ ದ್ವೀಪಕ್ಕೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು. ಪೋರ್ಟ್ ಬ್ಲೇರ್‌ಗೂ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಆದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಹೆಚ್ಚು, ನಾನೂ ಹಾಗೇ ಬರೆಯುತ್ತೇನೆ. ಇಲ್ಲಿನ ಊರುಗಳಿಗೆ ನಂಬರುಗಳಿವೆ. ಮೂರು ಅಂದರೆ ಗೋವಿಂದನಗರ, ಐದು ಅಂದರೆ ವಿಜಯನಗರ, ಏಳು ಅಂದರೆ ರಾಧಾನಗರ. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿಗೆ ಇಲ್ಲಿ ಜಾಗ ಕೊಟ್ಟು ನೆಲೆ ಮಾಡಿಸಿದರು. ಹಾಗಾಗಿ ಬೀದಿಯಲ್ಲಿ ಕೇಳುವುದು ಬಂಗಾಳಿ. ನಮಗೆ ಹಿಂದಿಯಲ್ಲಿ ಕೆಲಸ ನಡೆಯಿತು.

ಎಲ್ಲರೂ ಹೊಗಳುವುದು ಏಳನೇ ನಂಬರನ್ನು. ಬಿಳಿ ಮರಳು, ಹಿಂದೆ ದೊಡ್ಡ ಕಾಡು, ಪಶ್ಚಿಮಕ್ಕೆ ಮುಖ, ಸೂರ್ಯ ಸಮುದ್ರಕ್ಕೇ ಇಳಿಯುತ್ತಾನೆ. ಅಲ್ಲಿಗೆ ಎರಡು ಸಲ ಹೋಗಿ ಬಂದೆವು. ನಿಜವಾಗಿ ತುಂಬಾ ಚೆಂದ. ಆದರೆ ಅಲ್ಲಿ ಅಲೆ ಜಾಸ್ತಿ, ಮಧ್ಯಾಹ್ನದ ಮೇಲೆ ಜನವೂ ಜಾಸ್ತಿ. ಐದನೇ ನಂಬರು ಪೂರ್ವಕ್ಕೆ ಮುಖ ಮಾಡಿದೆ. ಹೊರಗಡೆ ಹವಳದ ದಿಬ್ಬ ಇರುವುದರಿಂದ ಅಲೆಗಳು ಅಲ್ಲೇ ಮುರಿದು, ದಡಕ್ಕೆ ಬರುವ ನೀರು ಕೆರೆಯಂತೆ ಸುಮ್ಮನಿರುತ್ತದೆ. ಈಜು ಬಾರದ ನನ್ನಂಥವಳಿಗೆ ಇದೇ ಸರಿ ಎಂದು ಇವರು ಮೊದಲೇ ಲೆಕ್ಕ ಹಾಕಿದ್ದರು. ಆ ಲೆಕ್ಕ ನನಗೆ ಹೇಳಿರಲಿಲ್ಲ, ಅಷ್ಟೇ.

ಇನ್ನು ನೀರಿನ ಲೆಕ್ಕ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಪೂರ್ತಿ ಸುತ್ತಿಗೆ ಸುಮಾರು 24 ಗಂಟೆ 50 ನಿಮಿಷ ಬೇಕು, ಯಾಕೆಂದರೆ ಚಂದ್ರ ದಿನಾ ಅಷ್ಟು ತಡವಾಗಿ ಬರುತ್ತಾನೆ. ಅಂದರೆ ಇವತ್ತು ಹನ್ನೊಂದಕ್ಕೆ ತುಂಬಿದ ನೀರು ನಾಳೆ ಹನ್ನೆರಡರ ಹತ್ತಿರ ತುಂಬುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ನಾವು ಹೋಗಿದ್ದು ಹುಣ್ಣಿಮೆಯ ಮರುದಿನ. ಅದಕ್ಕೇ ಮೊದಲ ದಿನ ನೀರು ಅಷ್ಟು ದೂರ ಓಡಿಹೋಗಿತ್ತು. ಎರಡು ದಿನಕ್ಕೆ ಬಂದು ಹೋಗುವವರಿಗೆ ಇದು ಕೆಟ್ಟ ಅದೃಷ್ಟ. ಎಂಟು ದಿನ ಇದ್ದವರಿಗೆ ಮಾತ್ರ ಇಡೀ ಆಟ ಕಾಣುತ್ತದೆ. ಫೋನಿನಲ್ಲಿ ಸಮಯದ ಪಟ್ಟಿ ಸಿಗುತ್ತದೆ. ನಾವು ಅದನ್ನು ಒಂದು ಕಾಗದಕ್ಕೆ ಬರೆದು ಸೊಳ್ಳೆಪರದೆಗೆ ಪಿನ್ನು ಹಾಕಿದೆವು. ಬೇರೆ ಯಾವ ಪ್ಲಾನೂ ಇರಲಿಲ್ಲ.

ಗಡಿಯಾರವೂ ಇಲ್ಲಿ ಬೇರೆ ಥರ. ದ್ವೀಪ ತುಂಬಾ ಪೂರ್ವಕ್ಕಿದೆ, ಸಮಯ ಮಾತ್ರ ದೇಶಕ್ಕೆಲ್ಲ ಒಂದೇ. ಫೆಬ್ರವರಿಯಲ್ಲಿ ಬೆಳಿಗ್ಗೆ ಐದೂ ಮುಕ್ಕಾಲರೊಳಗೆ ಸೂರ್ಯ ಬಂದ, ಸಂಜೆ ಐದೂವರೆಗೆ ಮುಂಚೆ ಹೋದ. ಆರಕ್ಕೆ ಕತ್ತಲು. ಮೊದಲೆರಡು ದಿನ ಇದನ್ನು ಒಪ್ಪಿಕೊಳ್ಳದೆ ಹತ್ತರ ತನಕ ಕೂತು, ಬೆಳಿಗ್ಗೆ ಎಂಟಕ್ಕೆ ಎದ್ದು, ಒಳ್ಳೆಯ ಹೊತ್ತನ್ನೆಲ್ಲ ಕಳೆದುಕೊಂಡೆವು. ಮೂರನೇ ದಿನದಿಂದ ಎಂಟೂವರೆಗೆ ಮಲಗಿ ಐದಕ್ಕೆ ಮೊದಲೇ ಏಳತೊಡಗಿದೆವು. ಮೈಗೆ ಇಷ್ಟು ಹಿತವಾದ ನಿದ್ದೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಬ್ಯಾಗ್ ವಿಷಯ ಹೇಳುತ್ತೇನೆ, ಇದರಲ್ಲಿ ನನಗೆ ಹೆಮ್ಮೆ ಇದೆ. ನನ್ನದು ಆರೂವರೆ ಕಿಲೋ, ಇವರದು ಎಂಟು. ಮೂರು ಜೊತೆ ಬಟ್ಟೆ, ಒಂದು ತುಂಬುತೋಳಿನ ಈಜು ಅಂಗಿ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ, ಟಾರ್ಚು, ಓಆರ್‌ಎಸ್ ಪೊಟ್ಟಣ, ನೈಲಾನ್ ಹಗ್ಗ. ಟವೆಲ್ ಒಯ್ಯಲಿಲ್ಲ. ಎರಡು ಹತ್ತಿಯ ಪಂಚೆ ಒಯ್ದೆವು. ಪಂಚೆ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಹಾಸಲು ಬರುತ್ತದೆ, ಹೊದೆಯಲು ಬರುತ್ತದೆ, ಬಿಸಿಲಿಗೆ ತಲೆಗೆ ಸುತ್ತಲೂ ಬರುತ್ತದೆ. ಇನ್ನೊಂದು ಮಾತು: ಸಮುದ್ರದಲ್ಲಿ ನೆಂದ ಬಟ್ಟೆಯನ್ನು ಹಾಗೇ ಒಣಹಾಕಬೇಡಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎಷ್ಟು ಬಿಸಿಲಿದ್ದರೂ ಬಟ್ಟೆ ಅಂಟಂಟಾಗಿಯೇ ಇರುತ್ತದೆ. ಒಂದು ಚೊಂಬು ಸಿಹಿನೀರಲ್ಲಿ ಜಾಲಿಸಿ ಹಿಂಡಿದರೆ ಸಾಕು.

ನಗದು ಜಾಸ್ತಿ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಎರಡು ದಿನ ನೆಟ್‌ವರ್ಕ್ ಸರಿಯಾಗಿ ಸಿಗಲಿಲ್ಲ, ಫೋನಿನಲ್ಲಿ ದುಡ್ಡು ಕಳಿಸಲು ಆಗಲಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನಾನು ನೀರಿನ ಮೇಲೆ ತೇಲುವುದನ್ನು ಕಲಿತೆ.

ಎರಡನೇ ದಿನ ಹನ್ನೊಂದಕ್ಕೆ, ದೀದಿ ಹೇಳಿದ ಹಾಗೆಯೇ, ನೀರು ಬಂದಿತ್ತು. ಹಿಂದಿನ ದಿನದ ಕಲ್ಲುಗಳೆಲ್ಲ ಮಾಯ. ಹಸಿರು ಗಾಜಿನಂಥ ನೀರು, ಕೆಳಗೆ ಕಾಲ ಬೆರಳು ಎಣಿಸಬಹುದು. "ಬಾರೇ, ಸೊಂಟದಷ್ಟೇ ಇದೆ" ಎಂದು ಇವರು ಕರೆದರು. "ಬೇಡ ರೀ, ನೀವು ಹೋಗಿ" ಎಂದೆ. ಮೊಣಕಾಲಿನ ತನಕ ಇಳಿದು ನಿಂತೆ, ಅಷ್ಟೇ. ಅವರು ಒತ್ತಾಯ ಮಾಡಲಿಲ್ಲ. ಮರುದಿನ ಸೊಂಟದ ತನಕ. ಅದರ ಮರುದಿನ ಅವರ ಅಂಗೈ ನನ್ನ ಬೆನ್ನ ಕೆಳಗೆ.

ಎಷ್ಟೋ ಜನ ನನಗೆ "ಮೈ ಸಡಿಲ ಬಿಡು, ತೇಲುತ್ತೀಯ" ಎಂದು ಹೇಳಿದ್ದರು. ಹೆದರಿದವರಿಗೆ ಅದು ಕೆಲಸಕ್ಕೆ ಬಾರದ ಮಾತು. ನನಗೆ ಕೆಲಸಕ್ಕೆ ಬಂದದ್ದು ಮೂರು ಸಣ್ಣ ವಿಷಯ. ಮೊದಲನೆಯದು, ಕಿವಿ ನೀರಲ್ಲಿ ಮುಳುಗಲೇಬೇಕು. ಕಿವಿಗೆ ನೀರು ಹೋಗುತ್ತದೆ ಎಂದು ತಲೆ ಎತ್ತಿದರೆ ಸೊಂಟ ಕೆಳಗೆ ಹೋಗುತ್ತದೆ, ಸೊಂಟದ ಹಿಂದೆ ಇಡೀ ಮೈ ಹೋಗುತ್ತದೆ. ಗದ್ದ ಆಕಾಶಕ್ಕೆ ಮಾಡಿ, ತಲೆಯನ್ನು ದಿಂಬಿನ ಮೇಲೆ ಇಟ್ಟ ಹಾಗೆ ಹಿಂದಕ್ಕೆ ಬಿಡಬೇಕು. ಎರಡನೆಯದು ಉಸಿರು. ಎದೆ ತುಂಬಾ ಗಾಳಿ ಇದ್ದಾಗ ಮೈ ಮೇಲೆ ಬರುತ್ತದೆ, ಪೂರ್ತಿ ಬಿಟ್ಟಾಗ ಇಳಿಯುತ್ತದೆ. ಹಾಗಾಗಿ ತುಂಬಾ ಎಳೆದುಕೊಂಡು ಸ್ವಲ್ಪವೇ ಬಿಡಬೇಕು. ಮೂರನೆಯದು ಎದ್ದು ನಿಲ್ಲುವುದು. ಇದನ್ನು ಯಾರೂ ಮೊದಲು ಕಲಿಸುವುದಿಲ್ಲ, ನನ್ನ ಭಯವೆಲ್ಲ ಅಲ್ಲೇ ಇತ್ತು. ಮೊಣಕಾಲನ್ನು ಹೊಟ್ಟೆಯ ಕಡೆ ಎಳೆದು, ಕೈಗಳಿಂದ ನೀರನ್ನು ಕೆಳಗೆ ಒತ್ತಿದರೆ ಕಾಲು ತಾನಾಗಿ ನೆಲಕ್ಕೆ ಬರುತ್ತದೆ. ಇದನ್ನು ಹತ್ತು ಹನ್ನೆರಡು ಸಲ ಮಾಡಿದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು. ಎದ್ದು ನಿಲ್ಲಲು ಗೊತ್ತಿದ್ದರೆ ತಾನೇ ಮಲಗಲು ಧೈರ್ಯ? ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕೆರೆ, ಬಾವಿಗಿಂತ ಇಲ್ಲಿ ತೇಲುವುದು ಸುಲಭ.

ಐದನೇ ದಿನ ಮಧ್ಯಾಹ್ನ ಅವರ ಅಂಗೈ ಬೆನ್ನ ಕೆಳಗೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ಆಗ ನನ್ನ ಗಮನವೆಲ್ಲ ಒಂದು ಶಬ್ದದ ಮೇಲಿತ್ತು. ಕಿವಿ ಮುಳುಗಿದ ಕೂಡಲೇ ಚಟಚಟ, ಚಟಚಟ. ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಶಬ್ದವೇ. ಗಾಬರಿಯಾಗಿ ಎದ್ದು ನಿಂತು, "ರೀ, ಒಳಗೆ ಯಾರೋ ಒಗ್ಗರಣೆ ಹಾಕ್ತಿದ್ದಾರೆ" ಎಂದೆ. ಅವರೂ ಕಿವಿ ಮುಳುಗಿಸಿ ಕೇಳಿದರು. ಸಂಜೆ ಪಕ್ಕದ ಗುಡಿಸಲಿನಲ್ಲಿದ್ದ ಡೈವಿಂಗ್ ಕಲಿಸುವ ಹುಡುಗ ಹೇಳಿದ: ಅದು ಹವಳದ ಸಂದಿಗಳಲ್ಲಿರುವ ಒಂದು ಜಾತಿಯ ಸಣ್ಣ ಸೀಗಡಿ. ಒಂದು ಕೊಂಡಿಯನ್ನು ಎಷ್ಟು ಜೋರಾಗಿ ಮುಚ್ಚುತ್ತದೆಂದರೆ, ನೀರಲ್ಲಿ ಒಂದು ಗುಳ್ಳೆ ಹುಟ್ಟಿ ಒಡೆಯುತ್ತದೆ. ಆ ಒಡೆಯುವ ಶಬ್ದ ಅದು. ಸಾವಿರಾರು ಸೀಗಡಿಗಳು ಒಟ್ಟಿಗೆ ಹೀಗೆ ಮಾಡುತ್ತಿರುತ್ತವೆ. ಅವನೇ ಇನ್ನೊಂದು ಹೇಳಿದ. ಗಿಳಿಮೀನು ಹವಳದ ಕಲ್ಲನ್ನು ಕೆರೆದು ತಿಂದು ಹೊರಹಾಕುವುದೇ ಎಷ್ಟೋ ಕಡೆ ಬಿಳಿ ಮರಳಾಗುತ್ತದಂತೆ. ಅಂದಿನಿಂದ ನನಗೆ ಆ ಮರಳಿನ ಮೇಲೆ ಬೇರೆಯದೇ ಪ್ರೀತಿ.

ಎಲ್ಲ ದಿನವೂ ಹೀಗೇ ಇರಲಿಲ್ಲ. ಮೂರನೇ ದಿನ ಜಗಳವಾಯಿತು. ಪಕ್ಕದ ನೀಲ್ ದ್ವೀಪಕ್ಕೆ ಎರಡು ದಿನ ಹೋಗಿ ಬರೋಣ ಎಂದು ಇವರು. ಇಲ್ಲೇ ಇರೋಣ, ಈಗಷ್ಟೇ ನೀರಿನ ಪರಿಚಯ ಆಗುತ್ತಿದೆ ಎಂದು ನಾನು. ಇಷ್ಟು ದೂರ ಬಂದು ನೋಡದೆ ಹೋಗುವುದೇ ಎಂಬ ಅವರ ಮಾತೂ ತಪ್ಪಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಜಾಗ ಬದಲಿಸುವುದಿಲ್ಲ, ಆದರೆ ಬೆಳಗಿನ ಹೊತ್ತು ಮೂರು ತಾಸು ಅವರವರದು. ಅವರು ಸೈಕಲ್ ಹಿಡಿದು ಕಾಲಾಪತ್ಥರ್ ಕಡಲತೀರದ ಕಡೆಗೋ, ಏಳನೇ ನಂಬರಿನ ಏರುದಾರಿಗೋ ಹೋದರು. ನಾನು ಮರದ ಕೆಳಗೆ ಪುಸ್ತಕ ಹಿಡಿದು ಕೂತೆ, ಇಲ್ಲವೇ ದೀದಿಯ ಜೊತೆ ಮೀನು ಹೆಚ್ಚುವುದನ್ನು ನೋಡುತ್ತಾ ಕೂತೆ. ಹತ್ತಕ್ಕೆ ಮತ್ತೆ ಸೇರಿದಾಗ ಇಬ್ಬರ ಹತ್ತಿರವೂ ಹೇಳಲು ಏನಾದರೂ ಇರುತ್ತಿತ್ತು. ದಿನದ ಇಪ್ಪತ್ನಾಲ್ಕು ಗಂಟೆ ಒಂದು ಸಣ್ಣ ಗುಡಿಸಲಲ್ಲಿ ಅಂಟಿಕೊಂಡಿರುವುದು ಎಷ್ಟು ಪ್ರೀತಿ ಇದ್ದರೂ ಕಷ್ಟ, ಅಲ್ವಾ?

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೊದಲ ಸಂಜೆ ಗಿಡ್ಡ ಪ್ಯಾಂಟಿನಲ್ಲಿ ಮರಳ ಮೇಲೆ ಕೂತಿದ್ದೆವು. ಮರಳಿನ ನುಸಿ ಕಚ್ಚುವಾಗ ಗೊತ್ತೇ ಆಗಲಿಲ್ಲ, ರಾತ್ರಿ ಕಾಲು ತುಂಬಾ ಕೆಂಪು ಗುಳ್ಳೆ. ತುರಿಕೆ ಒಂದು ವಾರ ಬಿಡಲಿಲ್ಲ. ಆಮೇಲೆ ಸಂಜೆ ಉದ್ದ ಪೈಜಾಮ ಹಾಕಿ ಚಾಪೆಯ ಮೇಲೆ ಕೂತೆವು. ಇವರು ಅಂಗಿಯಿಲ್ಲದೆ ಮುಖ ಕೆಳಗೆ ಮಾಡಿ ಒಂದು ಗಂಟೆ ಮೀನು ನೋಡುತ್ತಾ ತೇಲಿದರು. ನೀರು ತಂಪಾಗಿರುವುದರಿಂದ ಬಿಸಿಲು ತಿಳಿಯುವುದಿಲ್ಲ. ಬೆನ್ನು, ಮೊಣಕಾಲಿನ ಹಿಂಭಾಗ ಸುಟ್ಟು, ಎರಡು ರಾತ್ರಿ ಬೋರಲು ಮಲಗಿದರು. ತುಂಬುತೋಳಿನ ಅಂಗಿ ಬ್ಯಾಗಿನಲ್ಲೇ ಇತ್ತು! ಜೋಲಿಯನ್ನು ತೆಂಗಿನ ಮರಗಳಿಗೆ ಕಟ್ಟಹೊರಟಾಗ ದೀದಿ ತಡೆದು, ಮೇಲೆ ತೂಗುತ್ತಿದ್ದ ಕಾಯಿ ತೋರಿಸಿದರು. ಬೇರೆ ಮರಕ್ಕೆ ಕಟ್ಟಿದೆವು.

ನೀರಿನ ವಿಷಯದಲ್ಲಿ ಮಾತ್ರ ನಾವು ಧೈರ್ಯ ತೋರಿಸಲು ಹೋಗಲಿಲ್ಲ. ಎದೆಮಟ್ಟ ದಾಟಲಿಲ್ಲ, ಒಬ್ಬರೇ ಇಳಿಯಲಿಲ್ಲ, ಸಂಜೆಯ ಮೇಲೆ ನೀರಿಗೆ ಹೋಗಲಿಲ್ಲ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಬೋರ್ಡು ಇದ್ದ ಕಡೆ ಕಾಲೂ ಇಡಲಿಲ್ಲ. ಹವಳದ ಮೇಲೆ ನಿಲ್ಲಬೇಡಿ. ಅದು ಕಲ್ಲಿನಂತೆ ಕಂಡರೂ ಜೀವ ಇರುವಂಥದ್ದು, ಕಾಲೂ ಕೊಯ್ಯುತ್ತದೆ.

ಒಂದು ಚೆಂದದ ಶಂಖ ಸಿಕ್ಕಿತ್ತು. ತೊಳೆದು ಬಾಗಿಲ ಪಕ್ಕ ಇಟ್ಟೆ. ಬೆಳಿಗ್ಗೆ ನೋಡಿದರೆ ಇಲ್ಲ. ಮರಳ ಮೇಲೆ ಹೊಲಿಗೆ ಹಾಕಿದಂಥ ಸಣ್ಣ ಗುರುತು, ಸಮುದ್ರದ ಕಡೆಗೆ. ಒಳಗೊಂದು ಸನ್ಯಾಸಿ ಏಡಿ ಮುದುಡಿ ಕೂತಿತ್ತು, ನಾನೇ ಗಮನಿಸಿರಲಿಲ್ಲ. ಖಾಲಿ ಶಂಖವನ್ನೂ ಅಲ್ಲೇ ಬಿಡಿ, ಅದು ಮುಂದೆ ಇನ್ನೊಂದು ಏಡಿಗೆ ಮನೆ. ಚಿಪ್ಪು, ಹವಳ ಒಯ್ಯುವುದಕ್ಕೆ ತಡೆಯೂ ಇದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ನೋಡುತ್ತಾರೆ.

ಹಡಗು ಗಾಳಿಮಳೆಗೆ ರದ್ದಾಗಬಹುದು ಎಂದು ವಿಮಾನಕ್ಕೆ ಮೊದಲು ಪೋರ್ಟ್ ಬ್ಲೇರ್‌ನಲ್ಲಿ ಒಂದು ದಿನ ಬಿಟ್ಟುಕೊಂಡಿದ್ದೆವು. ಹಾಗಾಗಿ ಒಂಬತ್ತನೇ ದಿನ ಹೊರಡಲೇಬೇಕಿತ್ತು. ಕಾಗದ ನೋಡಿದೆ. ವಾರ ಕಳೆದು, ಉಬ್ಬರ ಜರುಗುತ್ತಾ ಜರುಗುತ್ತಾ ಈಗ ಸೂರ್ಯೋದಯದ ಹೊತ್ತಿಗೆ ಬಂದು ನಿಂತಿತ್ತು. ನಾಲ್ಕೂಮುಕ್ಕಾಲಿಗೆ ಇವರನ್ನು ಎಬ್ಬಿಸಿದೆ. ಅಷ್ಟಮಿ ಕಳೆದಿದ್ದರಿಂದ ನೀರು ಮೊದಲಿನಷ್ಟು ಏರಿರಲಿಲ್ಲ, ಸೊಂಟದ ತನಕ ಇತ್ತು, ನನಗೆ ಅಷ್ಟು ಸಾಕು. ಅವರು ಎರಡು ಮಾರು ದೂರ ನಿಂತರು, ಕೈ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ತಲೆ ಹಿಂದಕ್ಕೆ ಬಿಟ್ಟೆ. ಕಿವಿ ಮುಳುಗಿತು. ಸಾಸಿವೆ ಸಿಡಿಯತೊಡಗಿತು. ಆಕಾಶ ಬೂದಿಯಿಂದ ಕೆಂಪಾಗಿ, ಕೆಂಪಿನಿಂದ ಹಳದಿಯಾಗುವ ತನಕ ಹಾಗೇ ಇದ್ದೆ. ಎದ್ದು ನಿಂತಾಗ ದಡದಲ್ಲಿ ದೀದಿ ಚಹಾದ ಲೋಟ ಹಿಡಿದು ನಿಂತಿದ್ದರು, ಎಷ್ಟು ಹೊತ್ತಿನಿಂದಲೋ.