ಬಾಡಿಗೆ ಮನೆಯಿಂದ ಆರಂಭವಾದ ಸಭೆಯ ಕೆಲಸ

2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಕೊಕ್ರಝಾರ್ ಗಲಭೆಯ ಬೆನ್ನಿಗೆ ಹಬ್ಬಿದ, ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಸಾಮೂಹಿಕ ಎಸ್‌ಎಂಎಸ್‌ಗಳಿಗೆ 15 ದಿನ ಕಡಿವಾಣ ಹಾಕಿತು, ವದಂತಿ ಅಡಗಿತು. ಆದರೆ ಅವರು ಅದನ್ನು ಅಷ್ಟು ಬೇಗ ನಂಬಿದ್ದೇಕೆ ಎಂಬ ಪ್ರಶ್ನೆ, ನಗರದ ಪೂರ್ವ ಭಾಗದಲ್ಲಿ ಕನ್ನಡ ಕ್ರೈಸ್ತ ಸಭೆಯೊಂದರ (ಚರ್ಚಿನ) ಪಾಲಕನಾಗಿದ್ದ ನನ್ನನ್ನು ಬಿಡಲಿಲ್ಲ. ಮರಳಿ ಬಂದವರನ್ನು ವಿಚಾರಿಸಿದಾಗ, ಆಪತ್ತಿನಲ್ಲಿ ಬಾಗಿಲು ತಟ್ಟಬಹುದಾದ ಒಂದು ಕನ್ನಡದ ಮನೆಯೂ ತಮಗೆ ಗೊತ್ತಿರಲಿಲ್ಲ ಎಂದು ಹೇಳಿದವರೇ ಹೆಚ್ಚು. ಅವರಲ್ಲಿ ಅನೇಕರು ನಾಗಾ, ಮಿಜೋ, ಖಾಸಿ ಕ್ರೈಸ್ತರು. ನಮ್ಮ ಬೀದಿಗಳಲ್ಲೇ ವಾಸವಿದ್ದವರು.

ಬೈಬಲಿನಲ್ಲಿ ಪರದೇಶದಿಂದ ಬಂದು ನೆಲೆಸಿದ ರೂತಳ ಕಥೆಯನ್ನೂ, ಅಪರಿಚಿತರನ್ನು ಸೇರಿಸಿಕೊಳ್ಳುವುದರ ಬಗ್ಗೆ ಹೇಳುವ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನೂ ಬೋಧಿಸುವುದು ಅಗತ್ಯವೇ. ಆದರೂ ನಮ್ಮ ಸಭೆಯ ನಿಜವಾದ ಬಲವಿದ್ದದ್ದು ಸದಸ್ಯರಲ್ಲಿ ಹಲವರು ಮನೆ ಮಾಲೀಕರು, ಪಿಜಿ ನಡೆಸುವವರು ಎಂಬುದರಲ್ಲಿ. ಆದ್ದರಿಂದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಅವರನ್ನು ಒಬ್ಬೊಬ್ಬರಾಗಿ ಕಂಡು, ಈಶಾನ್ಯದವರಿಗೆ ಮನೆ ಬಾಡಿಗೆಗೆ ಕೊಡುವ ಬಗ್ಗೆ ಮಾತನಾಡಿದೆ. ರಾತ್ರಿ ತಡವಾಗಿ ಬರುತ್ತಾರೆ ಎಂದವರಿಗೆ ಹೋಟೆಲು, ಕಾಲ್ ಸೆಂಟರ್‌ಗಳ ಪಾಳಿಯ ಸಮಯವನ್ನು ವಿವರಿಸಿದೆವು. ಹುದುಗಿಸಿದ ಸೋಯಾ ಮತ್ತು ಕಳಲೆಯ ವಾಸನೆಯ ದೂರು ಬಂದಾಗ, ಒಣಮೀನು ಹುರಿಯುವ ನಾವು ಈ ಮಾತು ಆಡಬಹುದೇ ಎಂದು ಹಿರಿಯ ಸಹೋದರಿಯೊಬ್ಬರು ಕೇಳಿದರು. ಆ ಆಕ್ಷೇಪ ಅಲ್ಲಿಗೇ ನಿಂತಿತು. ಬಾಡಿಗೆ ಕರಾರಿಗೆ ಸಭೆಯ ಸದಸ್ಯರೊಬ್ಬರು ಸಾಕ್ಷಿ ಹಾಕುವುದು, ಅಡ್ವಾನ್ಸನ್ನು ಕಂತಿನಲ್ಲಿ ಪಡೆಯಲು ಮಾಲೀಕರನ್ನು ಒಪ್ಪಿಸುವುದು, ಠಾಣೆಗೆ ಹೋಗಬೇಕಾದಾಗ ಬಾಡಿಗೆದಾರರ ಜೊತೆ ಹೋಗುವುದು, ಇವು ಕ್ರಮೇಣ ನಮ್ಮ ರೂಢಿಯಾದವು.

ಚರ್ಚ್ ಹಾಲನ್ನು ಈಶಾನ್ಯದ ಕ್ರೈಸ್ತರ ಆರಾಧನೆಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟೆವು. ಮಹಿಳಾ ಕೂಟದವರು ಸಂತೆಗೂ ಆಸ್ಪತ್ರೆಗೂ ಬೇಕಾಗುವಷ್ಟು ಕನ್ನಡ ಕಲಿಸಿದರು. 2014ರ ಅಕ್ಟೋಬರ್‌ನಲ್ಲಿ ಕೊತ್ತನೂರಿನಲ್ಲಿ ಕನ್ನಡ ಬಾರದೆಂದು ಮಣಿಪುರದ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾದ ಬಳಿಕ, ಭಾಷೆ ಕಲಿಸುವುದು ನಮ್ಮ ಸಂತೋಷವೇ ಹೊರತು ಕಲಿಯದವರ ಮೇಲೆ ಕೈಮಾಡಲು ಅದು ಯಾರಿಗೂ ನೆಪವಾಗಕೂಡದು ಎಂದು ವೇದಿಕೆಯಿಂದಲೇ ಸ್ಪಷ್ಟವಾಗಿ ಹೇಳಿದೆ.

ಕ್ರೈಸ್ತರಿಗೆ ಮಾತ್ರ ನೆರವಾದರೆ ಅದು ಸ್ವಜನಪ್ರೀತಿಯಾದೀತು. ಹಾಗಾಗಿ ಅಸ್ಸಾಮಿನಿಂದ ಬಂದ ಹಿಂದೂ, ಮುಸ್ಲಿಂ ಕಾವಲುಗಾರರಿಗೂ ಇದೇ ವ್ಯವಸ್ಥೆ ಮಾಡಿದೆವು. 2016ರ ಜನವರಿಯಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ನಗರದ ಗುಂಪೊಂದು ದಾಳಿ ಮಾಡಿದ ಮೇಲೆ ಆಫ್ರಿಕಾದ ವಿದ್ಯಾರ್ಥಿಗಳೂ ನಮ್ಮ ಬಳಿ ಬರತೊಡಗಿದರು. ಅವರಿಗೆ ಮನೆ ಕೊಡಿಸುವುದು ಎಲ್ಲಕ್ಕಿಂತ ಕಷ್ಟ. ಫೋನಿನಲ್ಲಿ ಒಪ್ಪಿದವರೂ ಮುಖ ಕಂಡೊಡನೆ ಮನೆ ಖಾಲಿಯಿಲ್ಲ ಎನ್ನುವುದುಂಟು. ಆದ್ದರಿಂದ ಅವರ ಪರವಾಗಿ ಮಾಲೀಕರನ್ನು ಕಾಣಲು ಈಗಲೂ ನಾನೇ ಖುದ್ದಾಗಿ ಹೋಗುತ್ತೇನೆ.